ಮೂವತ್ತು ಪಂದ್ಯಗಳ ತೂಕ: ಎಸ್‌ಇಸಿ ಬೇಸ್‌ಬಾಲ್ ತರಬೇತುದಾರರಿಗೆ ನಾನು ಶ್ರೇಯಾಂಕ ಕೊಟ್ಟ ಬಗೆ

ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡವು 2013ರಲ್ಲಿ ತನ್ನ ಕಾನ್ಫರೆನ್ಸಿನೊಳಗಿನ, ಅಂದರೆ ತಾನು ಸೇರಿರುವ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟದೊಳಗಿನ, ಪಂದ್ಯಗಳಲ್ಲಿ 26ನ್ನು ಗೆದ್ದು ಕೇವಲ 3ನ್ನು ಸೋತಿತು. ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿ, ಅದುವರೆಗೆ ಅಂತಹ ಋತುವನ್ನು ಕಂಡಿರಲಿಲ್ಲ. ಆದರೂ ಆ ತಂಡ ಜೂನ್ ತಿಂಗಳಲ್ಲಿ ಲೂಯಿವಿಲ್ ಎದುರು ರಾಷ್ಟ್ರೀಯ ಪಂದ್ಯಾವಳಿಯ ಸೂಪರ್ ರೀಜನಲ್ ಹಂತದಲ್ಲೇ ಸೋತು, ಅಂತಿಮ ಎಂಟು ತಂಡಗಳು ಸೇರುವ ಓಮಾಹಾ ನಗರವನ್ನು ತಲುಪಲಿಲ್ಲ. ಮರುವರ್ಷ, 2014ರಲ್ಲಿ, ಅದೇ ವ್ಯಾಂಡರ್‌ಬಿಲ್ಟ್ ಕಾನ್ಫರೆನ್ಸಿನಲ್ಲಿ 17 ಗೆದ್ದು 13 ಸೋತು, ನಡುಮಟ್ಟದ ಸಾಧನೆಯೊಂದಿಗೆ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಿ, ವಿಶ್ವವಿದ್ಯಾಲಯದ ಮೊದಲ ಬೇಸ್‌ಬಾಲ್ ಪ್ರಶಸ್ತಿಯನ್ನು ಗೆದ್ದು ತಂದಿತು. ಎರಡೂ ವರ್ಷ ತಂಡದ ಹೊಣೆ ಹೊತ್ತಿದ್ದವರು ಟಿಮ್ ಕಾರ್ಬಿನ್. ಈ ಎರಡು ವರ್ಷಗಳಲ್ಲಿ ಅವರು ಯಾವ ವರ್ಷ ಹೆಚ್ಚು ಒಳ್ಳೆಯ ತರಬೇತುದಾರರಾಗಿದ್ದರು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಒಂದು ಕಾನ್ಫರೆನ್ಸಿನ ತರಬೇತುದಾರರನ್ನು ಮೇಲಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸಲು ಸಾಧ್ಯವಿಲ್ಲ ಎಂಬುದು ನನಗೆ ಮೊದಲೇ ಸ್ಪಷ್ಟವಾಗಿತ್ತು.

ನಾನು ಅಟ್ಲಾಂಟಾದಲ್ಲಿ ವಿಮಾ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ಸಂಭವನೀಯತೆಯ ಲೆಕ್ಕ ನನ್ನ ದಿನನಿತ್ಯದ ಕಸುಬು. ಎಸ್‌ಇಸಿ ಬೇಸ್‌ಬಾಲನ್ನು ಬಹಳ ಕಾಲದಿಂದ ಪ್ರೀತಿಯಿಂದ ನೋಡುತ್ತಾ ಬಂದಿರುವ ನಾನು, 2025ರ ಋತು ಮುಗಿದ ಮೇಲೆ, ಆ ಕಾನ್ಫರೆನ್ಸಿನ ಮುಖ್ಯ ತರಬೇತುದಾರರ ಶ್ರೇಯಾಂಕವೊಂದನ್ನು ನನ್ನದೇ ವಿಧಾನದಲ್ಲಿ ಸಿದ್ಧಪಡಿಸಿದೆ. ಅದನ್ನು ಹೇಗೆ ಮಾಡಿದೆ, ಯಾವುದನ್ನು ಲೆಕ್ಕಕ್ಕೆ ತೆಗೆದುಕೊಂಡೆ, ಯಾವುದನ್ನು ಬಿಟ್ಟೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಆಟವನ್ನು ಹತ್ತಿರದಿಂದ ನೋಡದವರಿಗಾಗಿ ಚೌಕಟ್ಟನ್ನು ಹೇಳಿಬಿಡುತ್ತೇನೆ. ಟೆಕ್ಸಸ್ ಮತ್ತು ಒಕ್ಲಹೋಮಾ ವಿಶ್ವವಿದ್ಯಾಲಯಗಳು ಸೇರಿದ ಮೇಲೆ ಎಸ್‌ಇಸಿಯಲ್ಲಿ 16 ತಂಡಗಳಿವೆ. ಪ್ರತಿ ತಂಡವೂ ಮಾರ್ಚ್‌ನಿಂದ ಮೇ ತನಕ ಹತ್ತು ವಾರಾಂತ್ಯಗಳಲ್ಲಿ, ವಾರಕ್ಕೊಂದು ಎದುರಾಳಿಯ ಜೊತೆ ಮೂರು ಪಂದ್ಯಗಳಂತೆ, ಒಟ್ಟು 30 ಕಾನ್ಫರೆನ್ಸ್ ಪಂದ್ಯಗಳನ್ನು ಆಡುತ್ತದೆ. ಆಮೇಲೆ ಅಲಬಾಮಾದ ಹೂವರ್ ಪಟ್ಟಣದಲ್ಲಿ ಕಾನ್ಫರೆನ್ಸ್ ಟೂರ್ನಿ ನಡೆಯುತ್ತದೆ. ಅದರ ನಂತರ ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಪಂದ್ಯಾವಳಿ: 64 ತಂಡಗಳು 16 ಕಡೆ ನಾಲ್ಕು ನಾಲ್ಕಾಗಿ ಸೇರಿ ಆಡುವ ರೀಜನಲ್, ಅಲ್ಲಿ ಗೆದ್ದವರಿಗೆ ಮೂರು ಪಂದ್ಯಗಳ ಸೂಪರ್ ರೀಜನಲ್, ಅಲ್ಲಿಯೂ ಗೆದ್ದ ಎಂಟು ತಂಡಗಳಿಗೆ ನೆಬ್ರಾಸ್ಕಾದ ಓಮಾಹಾದಲ್ಲಿ ಕಾಲೇಜ್ ವರ್ಲ್ಡ್ ಸೀರೀಸ್. 2019ರಿಂದ 2025ರವರೆಗೆ, ಪಂದ್ಯಾವಳಿಯೇ ರದ್ದಾದ 2020ನ್ನು ಬಿಟ್ಟರೆ, ಪ್ರತಿ ವರ್ಷದ ರಾಷ್ಟ್ರೀಯ ಪ್ರಶಸ್ತಿಯೂ ಎಸ್‌ಇಸಿಯ ಯಾವುದಾದರೊಂದು ತಂಡಕ್ಕೇ ಸಂದಿದೆ. 2025ರಲ್ಲಿ ಈ ಒಂದೇ ಕಾನ್ಫರೆನ್ಸಿನ 13 ತಂಡಗಳು ರಾಷ್ಟ್ರೀಯ ಪಂದ್ಯಾವಳಿಗೆ ಆಯ್ಕೆಯಾದವು. ಆದ್ದರಿಂದ ಇಲ್ಲಿ ಹತ್ತನೆಯ ಸ್ಥಾನ ಪಡೆದ ತರಬೇತುದಾರರು ಬೇರೆ ಅನೇಕ ಕಾನ್ಫರೆನ್ಸುಗಳಲ್ಲಿ ಮೊದಲಿಗರಾಗಬಲ್ಲವರು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಾಮಾನ್ಯವಾಗಿ ಇಂತಹ ಶ್ರೇಯಾಂಕಗಳು ಪ್ರಶಸ್ತಿಗಳನ್ನು ಎಣಿಸುವುದರಿಂದಲೇ ಆರಂಭವಾಗುತ್ತವೆ. ಎರಡು ಪ್ರಶಸ್ತಿ ಗೆದ್ದವರು ಮೇಲೆ, ಒಂದು ಗೆದ್ದವರು ಅವರ ಕೆಳಗೆ, ಗೆಲ್ಲದವರು ಇನ್ನೂ ಕೆಳಗೆ. ನಾನು ಮೊದಲು ಮಾಡಿದ ಕೆಲಸವೇ ಈ ಎಣಿಕೆಗೆ ಎಷ್ಟು ಬೆಲೆ ಕೊಡಬಹುದು ಎಂದು ಲೆಕ್ಕ ಹಾಕಿ ನೋಡಿದ್ದು. ಒಂದು ತಂಡವು ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಎದುರಾಗುವ ಪ್ರತಿ ತಂಡದ ವಿರುದ್ಧವೂ, ಪ್ರತಿ ಪಂದ್ಯದಲ್ಲೂ, ಗೆಲ್ಲುವ ಸಾಧ್ಯತೆ ಶೇಕಡಾ 60 ಇದೆ ಎಂದುಕೊಳ್ಳೋಣ. ಬೇಸ್‌ಬಾಲಿನಲ್ಲಿ, ಅದರಲ್ಲೂ ಜೂನ್ ತಿಂಗಳ ಎದುರಾಳಿಗಳ ನಡುವೆ, ಇದು ಬಹಳ ದೊಡ್ಡ ಮೇಲುಗೈ. ಎರಡು ಸಲ ಸೋತರೆ ಮಾತ್ರ ಹೊರಬೀಳುವ ನಾಲ್ಕು ತಂಡಗಳ ರೀಜನಲನ್ನು ಆ ತಂಡ ಗೆಲ್ಲುವ ಸಾಧ್ಯತೆ ಸುಮಾರು ಶೇಕಡಾ 41. ಮೂರು ಪಂದ್ಯಗಳ ಸೂಪರ್ ರೀಜನಲನ್ನು ಗೆಲ್ಲುವ ಸಾಧ್ಯತೆ ಸುಮಾರು ಶೇಕಡಾ 65. ಎರಡನ್ನೂ ಗುಣಿಸಿದರೆ ಓಮಾಹಾ ತಲುಪುವ ಸಾಧ್ಯತೆ ಶೇಕಡಾ 26ರ ಆಸುಪಾಸಿಗೆ ಬರುತ್ತದೆ. ಓಮಾಹಾದಲ್ಲಿಯೂ ಮತ್ತೆ ಅಂತಹದೇ ನಾಲ್ಕು ತಂಡಗಳ ಗುಂಪು, ಮತ್ತೆ ಮೂರು ಪಂದ್ಯಗಳ ಫೈನಲ್. ಎಲ್ಲವನ್ನೂ ದಾಟಿ ಪ್ರಶಸ್ತಿ ಗೆಲ್ಲುವ ಸಾಧ್ಯತೆ ಶೇಕಡಾ 7 ಮಾತ್ರ. ಪ್ರತಿ ಪಂದ್ಯದ ಸಾಧ್ಯತೆಯನ್ನು ಶೇಕಡಾ 70ಕ್ಕೆ ಏರಿಸಿದರೂ ಪ್ರಶಸ್ತಿಯ ಸಾಧ್ಯತೆ ಸುಮಾರು 21ಕ್ಕೆ ಬಂದು ನಿಲ್ಲುತ್ತದೆ. ಅಂದರೆ ದೇಶದ ಅತ್ಯುತ್ತಮ ತಂಡವನ್ನು ಕಟ್ಟಿದ ತರಬೇತುದಾರರೂ ಐದು ವರ್ಷಗಳಲ್ಲಿ ನಾಲ್ಕು ವರ್ಷ ಬರಿಗೈಯಲ್ಲಿ ಮನೆಗೆ ಹೋಗುವುದೇ ಈ ಪಂದ್ಯಾವಳಿಯ ಸಹಜ ಫಲಿತಾಂಶ. ಟೆನೆಸ್ಸೀ 2024ರಲ್ಲಿ ಪ್ರಶಸ್ತಿ ಗೆದ್ದಾಗ, ಅಗ್ರ ಶ್ರೇಯಾಂಕದೊಂದಿಗೆ ಪಂದ್ಯಾವಳಿಗೆ ಬಂದ ತಂಡವೊಂದು ಗೆದ್ದದ್ದು 1999ರ ಮಯಾಮಿಯ ನಂತರ ಅದೇ ಮೊದಲು. ನನ್ನ ಲೆಕ್ಕಕ್ಕೆ ಇತಿಹಾಸದ ಸಾಕ್ಷಿಯೂ ಇದೆ ಎಂದು ನನಗೆ ಧೈರ್ಯ ಬಂದದ್ದು ಇದರಿಂದಲೇ.

ಹೀಗಾಗಿ ನಾನು 30 ಕಾನ್ಫರೆನ್ಸ್ ಪಂದ್ಯಗಳನ್ನೇ ಶ್ರೇಯಾಂಕದ ಬೆನ್ನೆಲುಬಾಗಿ ಇಟ್ಟುಕೊಂಡೆ. ಮೂರು ದಿನ ಮೂರು ಬೇರೆ ಬೇರೆ ಆರಂಭಿಕ ಪಿಚರ್‌ಗಳನ್ನು, ಅಂದರೆ ಚೆಂಡೆಸೆಯುವವರನ್ನು, ಇಳಿಸಬೇಕು, ಶುಕ್ರವಾರ ಬುಲ್‌ಪೆನ್ನನ್ನು, ಅಂದರೆ ಬದಲಿ ಪಿಚರ್‌ಗಳ ಪಡೆಯನ್ನು, ಖಾಲಿ ಮಾಡಿದರೆ ಭಾನುವಾರ ಅದರ ಬೆಲೆ ತೆರಬೇಕು, ಗಾಯಗೊಂಡವರ ಜಾಗಕ್ಕೆ ಬೇರೆಯವರನ್ನು ಸಿದ್ಧಪಡಿಸಿರಬೇಕು. ಹತ್ತು ವಾರ ಬಿಡುವಿಲ್ಲದೆ ಸಮಬಲದ ಎದುರಾಳಿಗಳ ಮುಂದೆ ನಡೆಯುವ ಈ ಪರೀಕ್ಷೆಯಲ್ಲಿ ತರಬೇತುದಾರರ ಕೆಲಸ ಎದ್ದು ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ವಾರದ ನಡುವೆ ಸಣ್ಣ ಕಾಲೇಜುಗಳ ಜೊತೆ ಆಡುವ ಪಂದ್ಯಗಳನ್ನು ಪೂರ್ತಿಯಾಗಿ ಕೈಬಿಟ್ಟೆ. ಹೂವರ್ ಟೂರ್ನಿಗೂ ಸೊನ್ನೆ ಅಂಕ ಕೊಟ್ಟೆ, ಏಕೆಂದರೆ ಮುಂದಿನ ವಾರದ ರೀಜನಲ್‌ಗಾಗಿ ತಮ್ಮ ಮುಖ್ಯ ಪಿಚರ್‌ಗಳನ್ನು ಅಲ್ಲಿ ಉಳಿಸಿಕೊಳ್ಳುವುದು ಜಾಣ ತರಬೇತುದಾರರ ವಾಡಿಕೆ. ಅದಕ್ಕಾಗಿ ಅವರ ಅಂಕ ಕಡಿತಗೊಳಿಸುವುದು ಅನ್ಯಾಯವಾಗುತ್ತದೆ. ತಂಡಗಳ ಬಲ ಅಳೆಯಲು ಎನ್‌ಸಿಎಎ ಬಳಸುವ ಆರ್‌ಪಿಐ ಸೂಚ್ಯಂಕವನ್ನೂ ಬಳಸಲಿಲ್ಲ. ಅದರ ಅರ್ಧ ಭಾಗ ಎದುರಾಳಿಗಳ ಗೆಲುವಿನ ಪ್ರಮಾಣದಿಂದಲೇ ಬರುತ್ತದೆ. ಪರಸ್ಥಳದ ಗೆಲುವಿಗೆ 1.3, ತವರಿನ ಗೆಲುವಿಗೆ 0.7 ಎಂಬ ತೂಕವೂ ಅದರಲ್ಲಿ ಸೇರಿದೆ. ಪಂದ್ಯಾವಳಿಗೆ ತಂಡಗಳನ್ನು ಆರಿಸುವ ಸಮಿತಿಗೆ ಅದು ನೆರವಾಗಬಹುದು, ಆದರೆ ತರಬೇತುದಾರರ ಕೆಲಸದ ಬಗ್ಗೆ ಅದು ಹೇಳುವುದು ಬಹಳ ಕಡಿಮೆ.

ಮೂವತ್ತು ಪಂದ್ಯಗಳೂ ಅದೃಷ್ಟದಿಂದ ಮುಕ್ತವಲ್ಲ. ಸರಿಯಾಗಿ ಅರ್ಧಕ್ಕರ್ಧ ಗೆಲ್ಲಬೇಕಾದ ತಂಡವೊಂದು 30ರಲ್ಲಿ 15ಕ್ಕಿಂತ ಎರಡೂಮುಕ್ಕಾಲು ಪಂದ್ಯದಷ್ಟು ಅತ್ತಿತ್ತ ಸರಿಯುವುದು ಬರೀ ಆಕಸ್ಮಿಕದಿಂದಲೇ ಸಾಧ್ಯ. ಒಂದು ವರ್ಷ 17 ಗೆದ್ದವರನ್ನೂ 14 ಗೆದ್ದವರನ್ನೂ ಹೋಲಿಸಿ ತೀರ್ಪು ಕೊಡುವುದು ಅವಸರದ ಕೆಲಸ. ಈ ಅಲುಗಾಟವನ್ನು ಕಡಿಮೆ ಮಾಡಲು ನಾನು ಎರಡು ಕ್ರಮಗಳನ್ನು ಅನುಸರಿಸಿದೆ. ಮೊದಲನೆಯದಾಗಿ, ಗೆಲುವಿನ ಜೊತೆಗೆ ಕಾನ್ಫರೆನ್ಸ್ ಪಂದ್ಯಗಳಲ್ಲಿ ಗಳಿಸಿದ ಹಾಗೂ ಬಿಟ್ಟುಕೊಟ್ಟ ರನ್‌ಗಳನ್ನು ಹಾಳೆಯಲ್ಲಿ ಬರೆದುಕೊಂಡು, ಬೇಸ್‌ಬಾಲ್ ಲೆಕ್ಕಿಗರೆಲ್ಲ ಬಲ್ಲ ಪೈಥಾಗೊರಿಯನ್ ಸೂತ್ರದಿಂದ, ಅಂದರೆ ರನ್‌ಗಳನ್ನು 1.83ರ ಘಾತಕ್ಕೇರಿಸಿ ಅನುಪಾತ ತೆಗೆಯುವ ಕ್ರಮದಿಂದ, ಆ ತಂಡ ಎಷ್ಟು ಗೆಲ್ಲಬೇಕಿತ್ತು ಎಂದು ಕಂಡುಕೊಂಡೆ. ನಿಜವಾದ ಗೆಲುವು ಮತ್ತು ಈ ನಿರೀಕ್ಷಿತ ಗೆಲುವು, ಎರಡರ ಸರಾಸರಿಯನ್ನೇ ಆ ವರ್ಷದ ಅಂಕವೆಂದು ಇಟ್ಟುಕೊಂಡೆ. ಹೋಮ್ ರನ್‌ಗಳು ಸುಲಭವಾಗಿ ಬರುವ ಚಿಕ್ಕ ಮೈದಾನ ಮತ್ತು ವಿಶಾಲವಾದ ಮೈದಾನಗಳ ವ್ಯತ್ಯಾಸವೂ ಇದರಲ್ಲಿ ಹೆಚ್ಚಿನ ತೊಂದರೆ ಕೊಡುವುದಿಲ್ಲ, ಏಕೆಂದರೆ ಎರಡೂ ತಂಡಗಳು ಅದೇ ಮೈದಾನದಲ್ಲೇ ಬ್ಯಾಟ್ ಮಾಡುತ್ತವೆ. ಎರಡನೆಯದಾಗಿ, ಕಾನ್ಫರೆನ್ಸಿನಲ್ಲಿ ಕನಿಷ್ಠ ಎರಡು ಪೂರ್ಣ ಋತುಗಳನ್ನು, ಅಂದರೆ ಸುಮಾರು 60 ಪಂದ್ಯಗಳನ್ನು, ಮುಖ್ಯ ತರಬೇತುದಾರರಾಗಿ ಮುಗಿಸದವರನ್ನು ಪಟ್ಟಿಗೆ ಸೇರಿಸಲಿಲ್ಲ.

ಕಾನ್ಫರೆನ್ಸ್ ವೇಳಾಪಟ್ಟಿಯೂ ಎಲ್ಲರಿಗೂ ಒಂದೇ ಅಲ್ಲ. ಒಂದು ತಂಡ ಒಂದು ಋತುವಿನಲ್ಲಿ ಉಳಿದ 15 ತಂಡಗಳ ಪೈಕಿ ಹತ್ತನ್ನು ಮಾತ್ರ ಎದುರಿಸುತ್ತದೆ. 2025ರಲ್ಲಿ 30ರಲ್ಲಿ ಮೂರೇ ಪಂದ್ಯ ಗೆದ್ದ ಮಿಸೌರಿ ಯಾರ ಪಾಲಿಗೆ ಬಂದಿತು, ಯಾರ ಪಾಲಿಗೆ ಬರಲಿಲ್ಲ ಎಂಬುದೇ ಎರಡು ಸ್ಥಾನಗಳ ವ್ಯತ್ಯಾಸ ಮಾಡಬಲ್ಲದು. ಎದುರಾಳಿಗಳ ಆ ವರ್ಷದ ಅಂಕಗಳ ಸರಾಸರಿಯಿಂದ ಪ್ರತಿ ತಂಡದ ಅಂಕವನ್ನು ತಿದ್ದಿ ಈ ಸಮಸ್ಯೆಯನ್ನು ಪರಿಹರಿಸಿಕೊಂಡೆ.

ಇಷ್ಟಾದ ಮೇಲೆ ನನ್ನ ಕೈಯಲ್ಲಿದ್ದದ್ದು ತಂಡಗಳ ಶ್ರೇಯಾಂಕವೇ ಹೊರತು ತರಬೇತುದಾರರ ಶ್ರೇಯಾಂಕವಾಗಿರಲಿಲ್ಲ. ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ, ಅಂದರೆ ಎಲ್‌ಎಸ್‌ಯುಗೆ, ಬರುವ ತರಬೇತುದಾರರಿಗೆ ಸ್ಕಿಪ್ ಬರ್ಟ್‌ಮನ್ ಅವರು 1991ರಿಂದ 2000ದ ನಡುವೆ ಗೆದ್ದ ಐದು ರಾಷ್ಟ್ರೀಯ ಪ್ರಶಸ್ತಿಗಳ ಪರಂಪರೆ, ತುಂಬಿ ತುಳುಕುವ ಕ್ರೀಡಾಂಗಣ, ರಾಜ್ಯದ ಪ್ರತಿ ಹೈಸ್ಕೂಲ್ ಹುಡುಗನ ಕನಸು, ಎಲ್ಲವೂ ಮೊದಲ ದಿನದಿಂದಲೇ ದೊರೆಯುತ್ತವೆ. ಕೆಂಟಕಿಗೆ ಬರುವವರಿಗೆ ಇವುಗಳಲ್ಲಿ ಒಂದೂ ಸಿಗುವುದಿಲ್ಲ. ವಿದ್ಯಾರ್ಥಿವೇತನದ ವಿಚಾರದಲ್ಲಿಯೂ ಇದೇ ಅಸಮಾನತೆ. 2025ರವರೆಗೆ ಇಡೀ ಬೇಸ್‌ಬಾಲ್ ತಂಡಕ್ಕೆ ಇದ್ದದ್ದು 11.7 ಪೂರ್ಣ ವಿದ್ಯಾರ್ಥಿವೇತನಗಳು ಮಾತ್ರ. ಅದನ್ನೇ ತಂಡದ ಹಲವು ಆಟಗಾರರಿಗೆ ಹಂಚಬೇಕಿತ್ತು. ಜಾರ್ಜಿಯಾ, ಟೆನೆಸ್ಸೀ, ಲೂಯಿಸಿಯಾನಾದಂತಹ ರಾಜ್ಯಗಳಲ್ಲಿ ಸ್ಥಳೀಯ ವಿದ್ಯಾರ್ಥಿಗಳಿಗೆ ಸರ್ಕಾರದ ನೆರವು ಪ್ರತ್ಯೇಕವಾಗಿ ಸಿಗುವುದರಿಂದ ಆ ಮಿತಿಯೊಳಗೇ ಹೆಚ್ಚು ಆಟಗಾರರನ್ನು ಸೇರಿಸಿಕೊಳ್ಳಲು ಅಲ್ಲಿನ ತಂಡಗಳಿಗೆ ಅವಕಾಶವಿತ್ತು. ವ್ಯಾಂಡರ್‌ಬಿಲ್ಟ್ ದುಬಾರಿ ಖಾಸಗಿ ವಿಶ್ವವಿದ್ಯಾಲಯವಾದರೂ ಕುಟುಂಬದ ಆದಾಯವನ್ನು ಆಧರಿಸಿ ಅದು ಕೊಡುವ ನೆರವು ಉದಾರವಾದದ್ದು. ಅದನ್ನು ಅನುಕೂಲವೆಂದು ಪ್ರತಿಸ್ಪರ್ಧಿಗಳು ಹೇಳುವುದರಲ್ಲಿ ಹುರುಳಿದೆ. ಈಗ ಆ 11.7ರ ಮಿತಿ ಹೋಗಿ ತಂಡದಲ್ಲಿ 34 ಜನ ಎಂಬ ಮಿತಿ ಬಂದಿರುವುದರಿಂದ ಮುಂದಿನ ವರ್ಷಗಳ ಲೆಕ್ಕ ಬೇರೆಯೇ ಆಗಲಿದೆ.

ಈ ಅಸಮಾನತೆಯನ್ನು ಒಂದು ಅಂಕಿಯಲ್ಲಿ ಹಿಡಿಯಲು ನಾನು ಆರಿಸಿಕೊಂಡ ಮಾರ್ಗ ಸರಳವಾದದ್ದು. ತರಬೇತುದಾರರು ಬರುವುದಕ್ಕೆ ಹಿಂದಿನ ಐದು ಪೂರ್ಣ ಋತುಗಳಲ್ಲಿ ಆ ತಂಡ ಕಾನ್ಫರೆನ್ಸಿನಲ್ಲಿ ಸರಾಸರಿ ಎಷ್ಟು ಗೆದ್ದಿತ್ತೋ ಅದನ್ನು ಅವರಿಗೆ ಬಂದ ಬಳುವಳಿಯೆಂದು ಕರೆದೆ. ಪ್ರತಿ ವರ್ಷದ ಅಂಕದಿಂದ ಆ ಬಳುವಳಿಯನ್ನು ಕಳೆದು, ಉಳಿದದ್ದನ್ನು ಕೂಡಿಸುತ್ತಾ ಹೋದೆ. ಒಂದೊಂದು ವರ್ಷ ಹಿಂದಕ್ಕೆ ಹೋದಂತೆ ಆ ವರ್ಷದ ತೂಕವನ್ನು ಹತ್ತನೇ ಒಂದರಷ್ಟು ಇಳಿಸಿದೆ. ಸರಾಸರಿ ತೆಗೆಯದೆ ಕೂಡಿಸಿದ್ದಕ್ಕೆ ಕಾರಣವಿದೆ: ಇಪ್ಪತ್ತು ವರ್ಷ ಮೇಲ್ಮಟ್ಟದಲ್ಲಿ ಉಳಿಯುವುದು ನಾಲ್ಕು ವರ್ಷ ಉಳಿಯುವುದಕ್ಕಿಂತ ಕಷ್ಟದ ಕೆಲಸ. ವೃತ್ತಿಪರ ತಂಡಗಳು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಮೂಲಕ ಆಟಗಾರರ ಒಂದು ತಲೆಮಾರು ಮೂರು ವರ್ಷಕ್ಕೆ ಹೊರಟುಹೋಗುತ್ತದೆ. ತರಬೇತುದಾರರು ಮತ್ತೆ ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ. ಇದರ ಮೇಲೆ ಜೂನ್ ತಿಂಗಳ ಸಾಧನೆಗೆ ಅಂಕ ಸೇರಿಸಿದೆ. ರೀಜನಲ್ ಗೆಲುವಿಗೂ ಸೂಪರ್ ರೀಜನಲ್ ಗೆಲುವಿಗೂ ಪ್ರಶಸ್ತಿಗೂ ಮೇಲಿನ ಸಂಭವನೀಯತೆಯ ಲೆಕ್ಕಕ್ಕೆ ಅನುಗುಣವಾಗಿಯೇ ಅಂಕ. ಎಲ್ಲ ತರಬೇತುದಾರರ ಅಂಕಗಳನ್ನು ಒಟ್ಟಾಗಿ ನೋಡಿದಾಗ ಜೂನ್ ತಿಂಗಳ ಪಾಲು ಮೂರನೇ ಒಂದನ್ನು ಮೀರದಂತೆ ನೋಡಿಕೊಂಡೆ. ಕರ್ನಾಟಕದ ರಣಜಿ ತಂಡವನ್ನು ನಾವು ಒಂದು ಕ್ವಾರ್ಟರ್‌ ಫೈನಲ್‌ ಸೋಲಿನಿಂದ ಅಳೆಯುವುದಿಲ್ಲ, ಹಲವು ಋತುಗಳ ಲೀಗ್ ಆಟದಿಂದ ಅಳೆಯುತ್ತೇವೆ. ಇಲ್ಲಿಯೂ ನನ್ನ ಧೋರಣೆ ಅದೇ.

ಅಂಕಿಗೆ ಸಿಗದ ಒಂದು ಸಂಗತಿ ನನ್ನನ್ನು ಬಹಳ ಕಾಲ ಕಾಡಿತು. ಯಶಸ್ಸಿನಲ್ಲಿ ಮುಖ್ಯ ತರಬೇತುದಾರರ ಪಾಲೆಷ್ಟು, ಸಹಾಯಕರ ಪಾಲೆಷ್ಟು? ಎಲ್‌ಎಸ್‌ಯು 2023ರಲ್ಲಿ ಗೆದ್ದಾಗ ಅದರ ಪಿಚಿಂಗ್ ತರಬೇತುದಾರರಾಗಿದ್ದವರು ವೆಸ್ ಜಾನ್ಸನ್. ಮಿನೆಸೋಟಾ ಟ್ವಿನ್ಸ್ ಎಂಬ ವೃತ್ತಿಪರ ತಂಡದಲ್ಲಿ ಅದೇ ಕೆಲಸ ಮಾಡಿ ಬಂದಿದ್ದವರು. ಏರ್ ಫೋರ್ಸ್ ಅಕಾಡೆಮಿಯಿಂದ ಬಂದ ಪಾಲ್ ಸ್ಕೀನ್ಸ್ ಆ ಒಂದು ವರ್ಷದಲ್ಲಿ ಬೆಳೆದು ಡ್ರಾಫ್ಟಿನ ಮೊದಲ ಆಯ್ಕೆಯಾದರು. ಅವರ ಸಹ ಆಟಗಾರ ಡಿಲನ್ ಕ್ರೂಸ್ ಎರಡನೆಯ ಆಯ್ಕೆಯಾದರು. ಆ ಪ್ರಶಸ್ತಿ ಮುಖ್ಯ ತರಬೇತುದಾರ ಜೇ ಜಾನ್ಸನ್ ಅವರದೋ ವೆಸ್ ಜಾನ್ಸನ್ ಅವರದೋ ಎಂಬ ಚರ್ಚೆಗೆ ಉತ್ತರ ಸಿಕ್ಕಿದ್ದು ಎರಡು ವರ್ಷದ ನಂತರ. ವೆಸ್ ಜಾನ್ಸನ್ ಜಾರ್ಜಿಯಾಕ್ಕೆ ಮುಖ್ಯ ತರಬೇತುದಾರರಾಗಿ ಹೋದರು. ಅವರ ಜಾಗಕ್ಕೆ ನೇಟ್ ಯೆಸ್ಕಿ ಬಂದರು. 2025ರಲ್ಲಿ ಎಲ್‌ಎಸ್‌ಯು ಮತ್ತೆ ಗೆದ್ದಿತು. ಕೋಸ್ಟಲ್ ಕ್ಯಾರೊಲೈನಾ ಎದುರಿನ ಫೈನಲಿನ ಮೊದಲ ಪಂದ್ಯದಲ್ಲಿ ಕೇಡ್ ಆ್ಯಂಡರ್ಸನ್ ಒಂಬತ್ತೂ ಇನಿಂಗ್ಸ್ ತಾವೇ ಎಸೆದು 1-0 ಗೆಲುವು ತಂದರು. ಸಹಾಯಕರು ಬದಲಾದರೂ ಫಲಿತಾಂಶ ಉಳಿಯುವುದಾದರೆ ಅದರ ಶ್ರೇಯ ಮುಖ್ಯಸ್ಥರಿಗೇ ಸಲ್ಲಬೇಕು ಎಂಬ ನಿಯಮವನ್ನು ನಾನು ಎಲ್ಲರಿಗೂ ಅನ್ವಯಿಸಿದೆ. ಸಹಾಯಕರು ಬೇರೆಡೆ ಹೋಗಿ ಗಳಿಸಿದ ಯಶಸ್ಸನ್ನು ಹಳೆಯ ಗುರುವಿನ ಖಾತೆಗೆ ಜಮಾ ಮಾಡುವ ರೂಢಿಯನ್ನು ಮಾತ್ರ ಒಪ್ಪಲಿಲ್ಲ. 2024ರಲ್ಲಿ ಟೆನೆಸ್ಸೀಯನ್ನು ಗೆಲ್ಲಿಸಿದ ಟೋನಿ ವಿಟೆಲೊ ಒಂದು ಕಾಲಕ್ಕೆ ಆರ್ಕನ್ಸಾದಲ್ಲಿ ಡೇವ್ ವ್ಯಾನ್ ಹಾರ್ನ್ ಅವರ ಸಹಾಯಕರಾಗಿದ್ದರು ಎಂಬುದು ಕೇಳಲು ಸೊಗಸಾದ ಸಂಗತಿ. ಆದರೆ ಟೆನೆಸ್ಸೀಯ ಗೆಲುವು ವಿಟೆಲೊ ಅವರದೇ.

ಪಟ್ಟಿಯ ಮೊದಲ ಸ್ಥಾನ ಟಿಮ್ ಕಾರ್ಬಿನ್ ಅವರಿಗೆ ಬಂತು, ಅದರಲ್ಲಿ ನನಗೆ ಸ್ವಲ್ಪವೂ ಅಳುಕಿಲ್ಲ. 2003ರ ಋತುವಿನಿಂದ ಅವರು ತಂಡವನ್ನು ನಡೆಸುತ್ತಿದ್ದಾರೆ. ಅದಕ್ಕೆ ಮೊದಲು ವ್ಯಾಂಡರ್‌ಬಿಲ್ಟ್ ರಾಷ್ಟ್ರೀಯ ಪಂದ್ಯಾವಳಿ ಆಡಿದ ವರ್ಷಗಳು ಬೆರಳೆಣಿಕೆಯವು, ಓಮಾಹಾವನ್ನಂತೂ ಕಂಡೇ ಇರಲಿಲ್ಲ. 2006ರಿಂದ 2025ರವರೆಗೆ ಪಂದ್ಯಾವಳಿ ನಡೆದ ಪ್ರತಿ ವರ್ಷವೂ ಅವರ ತಂಡ ಅಲ್ಲಿತ್ತು. 2014 ಮತ್ತು 2019ರಲ್ಲಿ ಪ್ರಶಸ್ತಿ ಗೆದ್ದಿತು, 2015 ಮತ್ತು 2021ರಲ್ಲಿ ಫೈನಲಿನಲ್ಲಿ ಸೋತಿತು. ಆಟಗಾರರನ್ನು ಬೆಳೆಸುವ ಅವರ ಕಲೆಗೆ ಡೇವಿಡ್ ಪ್ರೈಸ್ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ: 2004ರಲ್ಲಿ, ಹೈಸ್ಕೂಲ್ ಮುಗಿಸಿದಾಗ, 19ನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ ಹುಡುಗ ಮೂರು ವರ್ಷ ವ್ಯಾಂಡರ್‌ಬಿಲ್ಟಿನಲ್ಲಿ ಆಡಿ 2007ರ ಡ್ರಾಫ್ಟಿನಲ್ಲಿ ದೇಶಕ್ಕೇ ಮೊದಲಿಗರಾದರು. 2015ರಲ್ಲಿ ಡ್ಯಾನ್ಸ್‌ಬಿ ಸ್ವಾನ್ಸನ್ ಅದೇ ಸ್ಥಾನ ಪಡೆದರು. ತಾಯಿಯ ಕಡೆಯಿಂದ ಭಾರತೀಯ ಮೂಲದವರಾದ ಕುಮಾರ್ ರಾಕರ್ 2019ರ ಸೂಪರ್ ರೀಜನಲಿನಲ್ಲಿ ಡ್ಯೂಕ್ ತಂಡಕ್ಕೆ ಒಂದೂ ಹಿಟ್ ಬಿಟ್ಟುಕೊಡದೆ 19 ಬ್ಯಾಟರ್‌ಗಳನ್ನು ಸ್ಟ್ರೈಕ್ ಔಟ್ ಮಾಡಿದ್ದು ಇದೇ ಕಾರ್ಬಿನ್ ಅವರ ಕೈಕೆಳಗೆ. 2025ರಲ್ಲಿ ಅವರ ತಂಡ ಅಗ್ರ ಶ್ರೇಯಾಂಕ ಪಡೆದೂ ತನ್ನದೇ ಮೈದಾನದ ರೀಜನಲಿನಲ್ಲಿ ಹೊರಬಿದ್ದದ್ದನ್ನು ಅನೇಕರು ದೊಡ್ಡ ಕೊರತೆಯೆಂದು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಆ ಮೂರು ದಿನಗಳಿಗಿಂತ ಅದಕ್ಕೆ ಹಿಂದಿನ ಹತ್ತು ವಾರಗಳಲ್ಲಿ ಬಂದ 19 ಕಾನ್ಫರೆನ್ಸ್ ಗೆಲುವುಗಳೇ ಭಾರವಾದವು.

ಎರಡನೆಯ ಸ್ಥಾನದಲ್ಲಿ ನಿಂತವರು ವಿಟೆಲೊ. 2006ರಿಂದ 2018ರವರೆಗೆ ಟೆನೆಸ್ಸೀ ಒಂದೇ ಒಂದು ಸಲವೂ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಿರಲಿಲ್ಲ. 2018ರ ಋತುವಿಗೆ ಬಂದ ವಿಟೆಲೊ ಮೊದಲ ವರ್ಷ 12, ಎರಡನೆಯ ವರ್ಷ 14 ಕಾನ್ಫರೆನ್ಸ್ ಪಂದ್ಯ ಗೆದ್ದರು. 2021ರಲ್ಲಿ 20, 2022ರಲ್ಲಿ 25, 2024ರಲ್ಲಿ 22 ಗೆದ್ದರು. ಆ 2024ರಲ್ಲಿ ಒಟ್ಟು 60 ಪಂದ್ಯ ಗೆದ್ದು 13 ಸೋತು ಪ್ರಶಸ್ತಿಯನ್ನೂ ಪಡೆದರು. ಬಳುವಳಿಗೂ ಸಾಧನೆಗೂ ನಡುವಿನ ಅಂತರವನ್ನು ವರ್ಷಕ್ಕೆ ಸರಾಸರಿಯಾಗಿ ನೋಡಿದರೆ ಅವರಿಗೇ ಮೊದಲ ಸ್ಥಾನ. ಕಾರ್ಬಿನ್ ಅವರ ದೀರ್ಘಾವಧಿ ಮಾತ್ರ ಅವರನ್ನು ಎರಡನೆಯವರನ್ನಾಗಿಸಿತು. 57 ಗೆದ್ದು 9 ಸೋತಿದ್ದ 2022ರ ತಂಡ ತವರಿನಲ್ಲೇ ನೋಟರ್ ಡೇಮ್ ಎದುರು ಸೂಪರ್ ರೀಜನಲ್ ಸೋತಿತಲ್ಲ, ಅದು 2024ರ ತಂಡಕ್ಕಿಂತ ಬಲಿಷ್ಠವಾಗಿತ್ತು ಎಂದು ಇಂದಿಗೂ ನಾನು ನಂಬುತ್ತೇನೆ. 2025ರ ಅಕ್ಟೋಬರಿನಲ್ಲಿ ವಿಟೆಲೊ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಮ್ಯಾನೇಜರ್ ಆಗಿ ಹೋದರು. ವೃತ್ತಿಪರ ತಂಡಗಳಲ್ಲಿ ಯಾವ ಹುದ್ದೆಯನ್ನೂ ನಿರ್ವಹಿಸದೆ ಕಾಲೇಜಿನಿಂದ ನೇರವಾಗಿ ಆ ಸ್ಥಾನಕ್ಕೆ ಏರಿದವರಲ್ಲಿ ಅವರೇ ಮೊದಲಿಗರು. ನನ್ನ ಪಟ್ಟಿ 2025ರ ಋತುವಿನ ಕೊನೆಯ ಸ್ಥಿತಿಯನ್ನು ಹೇಳುವುದರಿಂದ ಅವರ ಹೆಸರನ್ನು ತೆಗೆಯಲಿಲ್ಲ.

ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳ ಬಗ್ಗೆಯೇ ನನ್ನೊಂದಿಗೆ ಹೆಚ್ಚು ಜನ ವಾದಿಸಿದ್ದಾರೆ. ಮೂರು ಋತುಗಳೊಳಗೆ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಜೇ ಜಾನ್ಸನ್ ಅವರನ್ನು ನಾಲ್ಕನೆಯವರಾಗಿ ಇಟ್ಟು, ಈ ಮಟ್ಟದಲ್ಲಿ ಒಂದೂ ಪ್ರಶಸ್ತಿ ಗೆಲ್ಲದ ಡೇವ್ ವ್ಯಾನ್ ಹಾರ್ನ್ ಅವರನ್ನು ಮೂರನೆಯವರಾಗಿ ಇಟ್ಟಿದ್ದೇನೆ. ಅಂಕಿಗಳನ್ನೇ ಮುಂದಿಡುತ್ತೇನೆ. ಜೇ ಜಾನ್ಸನ್ ಎಲ್‌ಎಸ್‌ಯುಗೆ ಬರುವ ಮುನ್ನ ಪಾಲ್ ಮೇನಿಯರಿ ಅವರ ಕೊನೆಯ ಐದು ಪೂರ್ಣ ಋತುಗಳಲ್ಲಿ ತಂಡ ಕಾನ್ಫರೆನ್ಸಿನಲ್ಲಿ 85 ಗೆದ್ದು 65 ಸೋತಿತ್ತು. ಜಾನ್ಸನ್ ಅವರ ನಾಲ್ಕು ಋತುಗಳಲ್ಲಿ 68 ಗೆದ್ದು 51 ಸೋತಿದೆ. ಎರಡೂ ಶೇಕಡಾ 57ರ ಆಸುಪಾಸು. ಅಂದರೆ ಮೂವತ್ತು ಪಂದ್ಯಗಳ ಪರೀಕ್ಷೆಯಲ್ಲಿ ಅವರು ಬಳುವಳಿಯನ್ನು ಉಳಿಸಿಕೊಂಡಿದ್ದಾರೆ, ಹೆಚ್ಚಿಸಿಲ್ಲ. 2024ರಲ್ಲಿ ಮೊದಲ 15 ಪಂದ್ಯಗಳಲ್ಲಿ 3 ಮಾತ್ರ ಗೆದ್ದು, ಆಮೇಲೆ ಚೇತರಿಸಿಕೊಂಡು 13ಕ್ಕೆ ಮುಟ್ಟಿಸಿದ್ದರು. ಅವರ ಶ್ರೇಯಾಂಕದ ಬಹುಭಾಗ ಜೂನ್ ತಿಂಗಳಿಂದ ಬಂದದ್ದು. ಎರಡು ಪ್ರಶಸ್ತಿಗಳು ಬರೀ ಅದೃಷ್ಟದಿಂದ ಬರುವುದಿಲ್ಲ ಎಂಬುದನ್ನು ನನ್ನ ಲೆಕ್ಕವೂ ಒಪ್ಪುತ್ತದೆ. ಹಾಗಾಗಿಯೇ ಬಳುವಳಿಗಿಂತ ಹೆಚ್ಚೇನೂ ಗೆಲ್ಲದ ಅವರು ನಾಲ್ಕನೆಯ ಸ್ಥಾನದವರೆಗೆ ಏರಿದರು.

ವ್ಯಾನ್ ಹಾರ್ನ್ ಅವರ ಆರ್ಕನ್ಸಾ 2021ರಿಂದ 2025ರವರೆಗಿನ ಐದು ಋತುಗಳಲ್ಲಿ ಕ್ರಮವಾಗಿ 22, 18, 20, 20, 20 ಕಾನ್ಫರೆನ್ಸ್ ಪಂದ್ಯಗಳನ್ನು ಗೆದ್ದಿತು. ಒಟ್ಟು 100 ಗೆಲುವು, 50 ಸೋಲು. ಆ ಅವಧಿಯಲ್ಲಿ ಎಸ್‌ಇಸಿಯಲ್ಲಿ ಇದಕ್ಕಿಂತ ಹೆಚ್ಚು ಗೆದ್ದ ತಂಡವಿಲ್ಲ. ವಿಟೆಲೊ ಅವರ ಟೆನೆಸ್ಸೀ ಕೂಡ 99ಕ್ಕೆ ನಿಂತಿತು. ಈ ಸ್ಥಿರತೆ ನನ್ನನ್ನು ಬೆರಗುಗೊಳಿಸುತ್ತದೆ. ಆಟಗಾರರು ಒಂದೇ ವರ್ಷದಲ್ಲಿ ಕಾಲೇಜು ಬದಲಿಸಲು ದಾರಿ ಮಾಡಿದ ಟ್ರಾನ್ಸ್‌ಫರ್ ನಿಯಮ, ಅವರ ಹೆಸರು ಮತ್ತು ಚಿತ್ರಕ್ಕೆ ಹಣ ಪಡೆಯುವ ಹಕ್ಕು, ಎರಡೂ 2021ರಲ್ಲಿಯೇ ಬಂದವು. ಬೇರೆಲ್ಲ ತಂಡಗಳು ಆ ಬದಲಾವಣೆಯಲ್ಲಿ ಏರಿಳಿಯುತ್ತಿದ್ದಾಗ ಅರವತ್ತು ದಾಟಿದ ಈ ತರಬೇತುದಾರರು ವರ್ಷ ವರ್ಷವೂ ಅದೇ ಎತ್ತರದಲ್ಲಿ ನಿಂತರು. ಪ್ರಶಸ್ತಿ ಕೈತಪ್ಪಿದ ಬಗೆಯನ್ನಾದರೂ ನೋಡಿ. 2018ರ ಫೈನಲಿನಲ್ಲಿ ಗೆಲುವಿಗೆ ಒಂದೇ ಔಟ್ ಬಾಕಿ ಇದ್ದಾಗ ಮೇಲಕ್ಕೆ ಹಾರಿದ ಫೌಲ್ ಚೆಂಡು ಮೂವರು ಫೀಲ್ಡರ್‌ಗಳ ನಡುವೆ ನೆಲಕ್ಕೆ ಬಿತ್ತು. ಆ ಜೀವದಾನದ ಮೇಲೆ ಒರೆಗಾನ್ ಸ್ಟೇಟ್ ಆ ಪಂದ್ಯವನ್ನೂ ಮರುದಿನದ ಪಂದ್ಯವನ್ನೂ ಗೆದ್ದಿತು. 2021ರಲ್ಲಿ ಅಗ್ರ ಶ್ರೇಯಾಂಕದ ಆರ್ಕನ್ಸಾ ಸೂಪರ್ ರೀಜನಲಿನ ಮೊದಲ ಪಂದ್ಯವನ್ನು 21-2ರಿಂದ ಗೆದ್ದು ಮುಂದಿನ ಎರಡನ್ನು ನಾರ್ತ್ ಕ್ಯಾರೊಲೈನಾ ಸ್ಟೇಟ್‌ಗೆ ಸೋತಿತು. 2025ರ ಓಮಾಹಾದಲ್ಲಿ ಗೇಜ್ ವುಡ್ ಮರ್ರಿ ಸ್ಟೇಟ್ ವಿರುದ್ಧ ಒಂದೂ ಹಿಟ್ ಕೊಡದೆ 19 ಸ್ಟ್ರೈಕ್ ಔಟ್ ಪಡೆದರು. ಆ ನಂತರ ಎಲ್‌ಎಸ್‌ಯು ಎದುರು ಕೊನೆಯ ಇನಿಂಗ್ಸಿನಲ್ಲಿ ಎಡ ಫೀಲ್ಡರ್ ಕಾಲು ಜಾರಿ ಹಿಡಿಯಬಹುದಾಗಿದ್ದ ಚೆಂಡು ಕೈತಪ್ಪಿ ಆರ್ಕನ್ಸಾ 6-5ರಿಂದ ಹೊರಬಿತ್ತು. ಕಾಲು ಜಾರಿದ್ದನ್ನು, ಚೆಂಡು ನೆಲಕ್ಕೆ ಬಿದ್ದದ್ದನ್ನು ತರಬೇತುದಾರರ ಯೋಗ್ಯತೆಯ ಅಳತೆಗೋಲಾಗಿ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಎಂಟು ಸಲ ಆರ್ಕನ್ಸಾವನ್ನು ಓಮಾಹಾಕ್ಕೆ ಕರೆದೊಯ್ದ ಅವರು ಅದಕ್ಕೆ ಮೊದಲು ನೆಬ್ರಾಸ್ಕಾವನ್ನೂ ಎರಡು ಬಾರಿ ಅಲ್ಲಿಗೆ ಮುಟ್ಟಿಸಿದ್ದರು.

ಐದನೆಯವರು ಜಿಮ್ ಶ್ಲಾಸ್‌ನೇಗಲ್. 2021ರಲ್ಲಿ ಕಾನ್ಫರೆನ್ಸಿನಲ್ಲಿ 9 ಗೆದ್ದು 21 ಸೋತಿದ್ದ ಟೆಕ್ಸಸ್ ಎ ಆ್ಯಂಡ್ ಎಂ ತಂಡವನ್ನು ವಹಿಸಿಕೊಂಡು ಮರುವರ್ಷವೇ 19 ಗೆಲುವುಗಳೊಂದಿಗೆ ಓಮಾಹಾಕ್ಕೆ ಒಯ್ದರು. 2024ರಲ್ಲಿ ಫೈನಲ್ ಆಡಿಸಿದರು. ಆ ಬೆನ್ನಲ್ಲೇ ಟೆಕ್ಸಸ್‌ಗೆ ಹೋಗಿ, ಹೊಸ ಕಾನ್ಫರೆನ್ಸಿನ ಮೊದಲ ವರ್ಷವೇ 22 ಗೆದ್ದು 8 ಸೋತು ಎಸ್‌ಇಸಿಯ ಅಗ್ರಸ್ಥಾನ ಪಡೆದರು. ಅವರು ಬಿಟ್ಟುಹೋದ ತಂಡ ದೇಶದ ಮೊದಲ ಶ್ರೇಯಾಂಕದೊಂದಿಗೆ ಋತು ಆರಂಭಿಸಿ, ರಾಷ್ಟ್ರೀಯ ಪಂದ್ಯಾವಳಿಗೂ ಆಯ್ಕೆಯಾಗದೆ ಹೋಯಿತು. ತಂಡ ಬದಲಿಸಿದ ರೀತಿಯ ಬಗ್ಗೆ ಜನರಿಗೆ ಸಿಟ್ಟಿದೆ. ನನ್ನ ಲೆಕ್ಕ ಅಳೆಯುವುದು ಮೈದಾನದ ಕೆಲಸವನ್ನು ಮಾತ್ರ. ಆರನೆಯ ಸ್ಥಾನದ ಕೆವಿನ್ ಓ'ಸಲಿವನ್ 2017ರಲ್ಲಿ ಫ್ಲಾರಿಡಾಕ್ಕೆ ಮೊದಲ ಪ್ರಶಸ್ತಿ ತಂದವರು. ಒಂಬತ್ತು ಸಲ ಓಮಾಹಾ ಕಂಡವರು. ಇತ್ತೀಚಿನ ಎರಡು ವರ್ಷಗಳ 13 ಮತ್ತು 15 ಗೆಲುವುಗಳು ಅವರನ್ನು ಕೆಳಗಿಳಿಸಿದವು. ಆದರೂ 2025ರಲ್ಲಿ ಮೊದಲ 12 ಕಾನ್ಫರೆನ್ಸ್ ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿದ್ದ ತಂಡವನ್ನು ಅವರು 15ಕ್ಕೆ ಏರಿಸಿದ್ದು ಸಾಮಾನ್ಯ ಕೆಲಸವಲ್ಲ.

ಏಳನೆಯವರಾದ ಓಲ್ ಮಿಸ್ ತರಬೇತುದಾರ ಮೈಕ್ ಬಿಯಾಂಕೊ ನನ್ನ ವಿಧಾನದ ಕಠಿಣ ಪರೀಕ್ಷೆ. 2022ರಲ್ಲಿ ಅವರ ತಂಡ ಕಾನ್ಫರೆನ್ಸಿನಲ್ಲಿ 14 ಗೆದ್ದು 16 ಸೋತು, 64 ತಂಡಗಳ ಪಟ್ಟಿಗೆ ಕೊನೆಯದಾಗಿ ಸೇರಿಕೊಂಡು, ಓಮಾಹಾದಲ್ಲಿ ಪ್ರಶಸ್ತಿಯನ್ನೇ ಗೆದ್ದಿತು. ಮರುವರ್ಷ 6 ಗೆದ್ದು 24 ಸೋತಿತು. ಪ್ರಶಸ್ತಿಯನ್ನೇ ಎಣಿಸುವವರು ಈ ಎರಡು ವರ್ಷಗಳನ್ನು ಹೇಗೆ ವಿವರಿಸುತ್ತಾರೋ ನನಗೆ ಅರ್ಥವಾಗುವುದಿಲ್ಲ. 2001ರಿಂದ ಒಂದೇ ಕಡೆ ನಿಂತು ತಂಡವನ್ನು ಗೌರವದ ಮಟ್ಟದಲ್ಲಿಟ್ಟ ಅವರ ದೀರ್ಘ ದುಡಿಮೆಯೇ ಅವರಿಗೆ ಈ ಸ್ಥಾನ ಕೊಟ್ಟಿತು. ಕೆಂಟಕಿಯನ್ನು ಇತಿಹಾಸದಲ್ಲೇ ಮೊದಲ ಬಾರಿಗೆ 2024ರಲ್ಲಿ ಓಮಾಹಾ ತಲುಪಿಸಿ, ಅದೇ ವರ್ಷ ಟೆನೆಸ್ಸೀ ಜೊತೆ 22 ಗೆಲುವುಗಳಿಂದ ಅಗ್ರಸ್ಥಾನ ಹಂಚಿಕೊಂಡ ನಿಕ್ ಮಿಂಜಿಯೋನಿ ಎಂಟನೆಯವರು. ಜಾರ್ಜಿಯಾದಲ್ಲಿ 17 ಮತ್ತು 18 ಗೆಲುವುಗಳ ಎರಡು ಋತುಗಳನ್ನು ಮುಗಿಸಿದ ವೆಸ್ ಜಾನ್ಸನ್ ಒಂಬತ್ತನೆಯವರು. ಆಬರ್ನ್ ತಂಡವನ್ನು 2019 ಮತ್ತು 2022ರಲ್ಲಿ ಓಮಾಹಾಕ್ಕೆ ಕರೆದೊಯ್ದ ಬುಚ್ ಥಾಂಪ್ಸನ್ ಹತ್ತನೆಯವರು. ಅವರಿಂದ ಕೆಳಗೆ ಅಂಕಗಳ ಅಂತರ ತೀರ ಕಡಿಮೆಯಾದ್ದರಿಂದ ಅಲ್ಲಿ ಶ್ರೇಯಾಂಕವನ್ನು ನಿಲ್ಲಿಸಿದೆ.

ಎರಡು ಋತುಗಳ ನಿಯಮದಿಂದಾಗಿ ಹೊರಗುಳಿದವರಲ್ಲಿ ಬ್ರಯನ್ ಓ'ಕಾನರ್ ಮುಖ್ಯರು. 2015ರಲ್ಲಿ ವರ್ಜೀನಿಯಾಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಅವರು 2025ರ ಜೂನ್‌ನಲ್ಲಿ ಮಿಸಿಸಿಪಿ ಸ್ಟೇಟ್ ತಂಡವನ್ನು ವಹಿಸಿಕೊಂಡರು. ಆ ತಂಡ 2021ರಲ್ಲಿ ಪ್ರಶಸ್ತಿ ಗೆದ್ದು, ನಂತರದ ಎರಡು ಋತುಗಳಲ್ಲಿ ಕಾನ್ಫರೆನ್ಸಿನಲ್ಲಿ ತಲಾ 9 ಗೆಲುವು 21 ಸೋಲಿಗೆ ಕುಸಿದು, 2025ರ ಏಪ್ರಿಲ್‌ನಲ್ಲಿ ಆ ಪ್ರಶಸ್ತಿ ತಂದ ತರಬೇತುದಾರರನ್ನೇ ಕೆಲಸದಿಂದ ತೆಗೆದಿತ್ತು. ಹಾಗಾಗಿ ಓ'ಕಾನರ್ ಅವರ ಬಳುವಳಿಯ ಐದು ಋತುಗಳಲ್ಲಿ ಒಂದು ರಾಷ್ಟ್ರೀಯ ಪ್ರಶಸ್ತಿಯೂ ಕಾನ್ಫರೆನ್ಸಿನ ತಳಮಟ್ಟದ ವರ್ಷಗಳೂ ಒಟ್ಟಿಗೇ ಸೇರಿವೆ. ಅವರ ಅರವತ್ತು ಪಂದ್ಯಗಳು ಮುಗಿಯುವುದು 2027ರ ಮೇ ತಿಂಗಳಿಗೆ. ಟೆನೆಸ್ಸೀಯಲ್ಲಿ ವಿಟೆಲೊ ಅವರ ಜಾಗಕ್ಕೆ ಬಂದ ಜಾಶ್ ಎಲಾಂಡರ್ ಅವರದ್ದೂ ಆಗಲೇ. ಹಾಳೆಯಲ್ಲಿ ಇಬ್ಬರ ಹೆಸರನ್ನೂ ಅವರವರ ಬಳುವಳಿಯ ಅಂಕಿಯೊಂದಿಗೆ ಈಗಾಗಲೇ ಬರೆದಿಟ್ಟಿದ್ದೇನೆ.